ಬೇಡ ಎನ್ನುವ ಗುಂಡಿ

ಅವರು ನಡೆದು ಬಂದದ್ದು ನನಗೆ ಕೇಳಿಸಲೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ, ಉದ್ದನೆಯ ಪಡಸಾಲೆಯಲ್ಲಿ, ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ನಾನು ಅತ್ತಿಂದಿತ್ತ ಹೆಜ್ಜೆ ಹಾಕುತ್ತಿದ್ದೆ. ಸಂದರ್ಶನಕ್ಕೆಂದು ಕೊಂಡಿದ್ದ ಹೊಸ ಬೂಟು ಹೆಜ್ಜೆಹೆಜ್ಜೆಗೂ ಕಿರ್ರೆನ್ನುತ್ತಿತ್ತು. ನಮ್ಮ ಮನೆಯಲ್ಲಿ ಪದವಿ ಪಡೆದವನೂ ನಾನೇ ಮೊದಲು, ಬೂಟು ಹಾಕಿದವನೂ ನಾನೇ ಮೊದಲು. ಹಾಗಾಗಿ ಆ ಸದ್ದು ನನ್ನ ಕಿವಿಗೆ ಒಂದು ರೀತಿಯ ಗೌರವದ ಸದ್ದಾಗಿಯೇ ಬೀಳುತ್ತಿತ್ತು. ತಿರುಗಿ ನೋಡಿದರೆ ಭುಜದ ಪಕ್ಕದಲ್ಲೇ ಒಬ್ಬರು ನಿಂತಿದ್ದರು. ಎತ್ತರದ, ಸ್ವಲ್ಪ ಮುಂದಕ್ಕೆ ಬಾಗಿದ ಮೈ. ಕಂದು ಬಣ್ಣದ ಹಳೆಯ ಕೋಟು. ಯಾರೋ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆಂಬಂತೆ ಸದಾ ಹಗುರವಾಗಿ ಊರುವ ಪಾದ. ಒಮ್ಮೆ ನನ್ನ ಮುಖವನ್ನೂ ಒಮ್ಮೆ ನನ್ನ ಕಾಲನ್ನೂ ನೋಡಿ, ತುಟಿಯಷ್ಟೇ ಆಡಿತೇನೋ ಎನ್ನುವಷ್ಟು ಮೆಲ್ಲಗೆ ಅವರೆಂದರು: “ನೀವೇನೋ ಸುಮ್ನಿದ್ದೀರಿ. ನಿಮ್ಮ ಬೂಟು ಒಂದೇ ಸಮ ಮಾತಾಡ್ತಿದೆ.”

ನಾನು ನಾಚಿ ಅಲ್ಲೇ ಬೂಟು ಬಿಚ್ಚಿದೆ. ಅವರು ಬಾಗಿಲ ಹಿಂದಿನ ಗೂಡಿನಿಂದ ಒಂದು ಜೊತೆ ಬಟ್ಟೆಯ ಚಪ್ಪಲಿ ತಂದು ನನ್ನ ಮುಂದೆ ಇಟ್ಟರು. ಇಡುವಾಗಲೂ ಸದ್ದಾಗಲಿಲ್ಲ.

ಅದು ಕುರುಡರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಸಂಸ್ಥೆ. ಒಳಗಿನ ಗಾಜಿನ ಕೋಣೆಯಲ್ಲಿ ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಹೆಂಗಸು ಕೂತು ಓದುತ್ತಿದ್ದರು. ಹೊರಗೆ ಯಂತ್ರದ ಮುಂದೆ ಕೂತು ಅದನ್ನು ಮುದ್ರಿಸಿ, ಉಸಿರು, ಕೆಮ್ಮು, ಹಾಳೆ ಮಗುಚುವ ಸದ್ದುಗಳನ್ನು ಕತ್ತರಿಸಿ ತೆಗೆಯುವ ಕೆಲಸ ಈ ಕಂದು ಕೋಟಿನವರದು. ಮುದ್ರಣವನ್ನು ಪುಸ್ತಕದೊಂದಿಗೆ ಹೋಲಿಸಿ ಸಾಲು ತಪ್ಪಿದೆಯೇ ನೋಡುವುದು ನನ್ನ ಕೆಲಸ. ಕ್ರಮೇಣ ನನಗೆ ಅವರ ಕೋಟಿನ ಮರ್ಮ ತಿಳಿಯಿತು. ಅದರ ಗುಂಡಿಗಳೆಲ್ಲ ಬಟ್ಟೆಯ ಉಂಡೆಗಳು. ಮೇಜಿಗೆ ತಾಗಿದರೆ ಟಕ್ಕೆನ್ನುತ್ತವೆಂದು ಮೂಲದ ಗುಂಡಿಗಳನ್ನು ಅವರೇ ಕಿತ್ತಿದ್ದರು. ಬೀಗದ ಕೈಗಳನ್ನು ಕರವಸ್ತ್ರದಲ್ಲಿ ಕಟ್ಟಿ ಒಳಜೇಬಿನಲ್ಲಿ ಇಡುತ್ತಿದ್ದರು. ಅವರ ಫೋನು ಹುಟ್ಟುಮೂಗ. ಅದು ರಿಂಗಾದದ್ದನ್ನು ಕೇಳಿದವರಿಲ್ಲ. ಸೀನು ಬಂದರೂ ಅದನ್ನು ಒಳಗೇ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ಆಗದವರಂತೆ ಕೂತಿರುತ್ತಿದ್ದರು.

ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದಂತೆ ಎಲ್ಲರಿಗೂ ಅವರು ಬೇಡಣ್ಣ. ಹೆಸರಿಟ್ಟವರು ಅಕ್ಕ. ಅದಕ್ಕೆ ಕಾರಣ ಮೊದಲ ದಿನವೇ ನನಗೆ ತಿಳಿಯಿತು. ನನಗೆ ಮೇಜು ಕೊಟ್ಟು, ಕಂಪ್ಯೂಟರು ಹಚ್ಚಿ, ಮಿಂಚಂಚೆ ತೆರೆದರೋ ಇಲ್ಲವೋ, ಪರದೆಯ ಮೂಲೆಯಿಂದ ಒಂದು ಬಣ್ಣದ ಚೌಕ ಎದ್ದು ನಿಂತಿತು: ಹೊಸ ಸೌಲಭ್ಯ ಬಂದಿದೆ, ಪರಿಚಯ ಮಾಡಿಕೊಳ್ಳುವಿರಾ? ಅದರ ಬೆನ್ನಿಗೆ ಇನ್ನೊಂದು: ನಿಮ್ಮ ಪತ್ರಗಳ ಸಾರಾಂಶ ನಾವೇ ಮಾಡಿಕೊಡೋಣವೇ? ಅದರ ಮೇಲೆ ಮತ್ತೊಂದು: ಉತ್ತರವನ್ನೂ ನಾವೇ ಬರೆಯೋಣವೇ? ಬೇಡಣ್ಣ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತರು. “ಬೇಡ,” ಎಂದು ಒಂದನ್ನು ಒತ್ತಿದರು. “ಬೇಡಪ್ಪಾ,” ಎಂದು ಇನ್ನೊಂದನ್ನು. ಮೂರನೆಯದಕ್ಕೆ ಬಂದಾಗ ಅವರ ಕೈ ನಿಂತಿತು.

“ನೋಡಿ ಇಲ್ಲಿ. ಬೇಡ ಅನ್ನೋ ಗುಂಡೀನೇ ಇಟ್ಟಿಲ್ಲ. ಒಂದು ಕಡೆ ‘ಹೂಂ’, ಇನ್ನೊಂದು ಕಡೆ ‘ಈಗ ಬೇಡ’. ಈಗ ಬೇಡ ಅಂದ್ರೆ ಏನರ್ಥ? ನಾಳೆ ಮತ್ತೆ ಬರ್ತೀನಿ ಅಂತ. ಬೇಡ ಅನ್ನೋಕೆ ಜಾಗ ಇಲ್ಲದ ಮನೇಲಿ ಹೂಂ ಅನ್ನೋದಕ್ಕೂ ಬೆಲೆ ಇರಲ್ಲ ರೀ.”

ಹೀಗೆಂದು ಅವರು ಸೆಟ್ಟಿಂಗ್ಸ್ ಎಂಬ ಆ ಕತ್ತಲ ಉಗ್ರಾಣಕ್ಕೆ ಇಳಿದರು. ಅದರೊಳಗೊಂದು ಕೋಣೆ, ಕೋಣೆಯೊಳಗೊಂದು ಪೆಟ್ಟಿಗೆ, ಪೆಟ್ಟಿಗೆಯ ತಳದಲ್ಲಿ ‘ಇನ್ನಷ್ಟು’ ಎಂಬ ಸಣ್ಣ ಅಕ್ಷರ; ಅದರ ಹಿಂದೆ ಸಾಲುಸಾಲಾಗಿ ಸ್ವಿಚ್ಚುಗಳು. ಅವುಗಳನ್ನು ಒಂದೊಂದಾಗಿ ಎಡಕ್ಕೆ ತಳ್ಳುತ್ತ ಹೋಗುವಾಗ ಅವರ ಮುಖದಲ್ಲಿ ನಾನು ಕಂಡ ನೆಮ್ಮದಿ, ನಮ್ಮವ್ವ ಹೊಲದಲ್ಲಿ ಸಾಲಿನ ಕೊನೆಗೆ ಬಂದು ಸೊಂಟ ನೆಟ್ಟಗೆ ಮಾಡಿ, ಕಿತ್ತ ಕಳೆಯನ್ನು ಬದುವಿಗೆ ಎಸೆಯುವಾಗ ಕಾಣುತ್ತಿದ್ದ ನೆಮ್ಮದಿಯೇ. ಆ ದಿನದಿಂದ ನನಗೆ ಅವರ ಮೇಲೆ ಪ್ರೀತಿ ಬೆಳೆಯಿತು.

ಕಳೆಯಂತೆಯೇ ಅವೂ ಮತ್ತೆ ಚಿಗುರುತ್ತಿದ್ದವು. ತಂತ್ರಾಂಶ ಹೊಸ ಆವೃತ್ತಿಗೆ ಏರಿದಾಗಲೆಲ್ಲ ಆರಿಸಿದ ಸ್ವಿಚ್ಚುಗಳು ತಾವಾಗಿಯೇ ಬಲಕ್ಕೆ ಜರುಗಿ ಬೆಳಗುತ್ತಿದ್ದವು. “ಬಂದ್ರಪ್ಪಾ ನೆಂಟರು, ಗಂಟುಮೂಟೆ ಸಮೇತ,” ಎನ್ನುತ್ತ ಬೇಡಣ್ಣ ಮೇಜಿನಿಂದ ಮೇಜಿಗೆ ಹೊರಡುತ್ತಿದ್ದರು. ಯಾರೂ ಕರೆಯಬೇಕಾಗಿರಲಿಲ್ಲ. ನಾವು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಪರದೆ ಒರೆಸಿಟ್ಟ ಹಲಗೆಯಂತೆ ಖಾಲಿಯಾಗಿರುತ್ತಿತ್ತು. ಒಮ್ಮೆ ಅವರ ಹೆಂಡತಿ ಕಚೇರಿಗೆ ಬಂದಿದ್ದಾಗ ಅಕ್ಕ, “ಮನೇಲೂ ಹೀಗೇನಾ?” ಎಂದು ಕೇಳಿದರು. ಆಕೆ ಕೋಟಿನವರ ಕಡೆ ಓರೆಗಣ್ಣು ಬಿಟ್ಟು, “ಇವರು ಬಾಳಲ್ಲಿ ಹೂಂ ಅಂದಿದ್ದು ಒಂದೇ ಸಲ, ನನ್ನ ನೋಡೋಕೆ ಬಂದಾಗ. ಅದನ್ನ ಆರಿಸೋ ಸ್ವಿಚ್ಚು ಎಲ್ಲಿದೆ ಅಂತ ಇನ್ನೂ ಹುಡುಕ್ತಿದ್ದಾರೆ,” ಎಂದರು. ಬೇಡಣ್ಣ ಸದ್ದಿಲ್ಲದೆ ನಕ್ಕರು. ಹೊಟ್ಟೆ ಮಾತ್ರ ಕುಣಿಯಿತು.

ಇದು ಬರೀ ಹಟವಲ್ಲ ಎಂಬುದು ನನಗೆ ಗೊತ್ತಾದದ್ದು ಅವರ ಜೊತೆ ಕೇಳುಗರ ಮನೆಗಳಿಗೆ ಹೋದಾಗ. ನಮ್ಮ ಕೇಳುಗರಲ್ಲಿ ಒಬ್ಬ ಹುಡುಗಿ ಇದ್ದಳು. ಹುಟ್ಟಿನಿಂದ ಕಣ್ಣಿಲ್ಲ, ಕಾನೂನು ಓದುತ್ತಿದ್ದಳು. ತಂದೆ ದರ್ಜಿ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಅದರ ಹಿಂದಿನ ಕೋಣೆಯಲ್ಲಿ ಇವಳ ಕಂಪ್ಯೂಟರು. ಮಗಳು ಚಿಕ್ಕಂದಿನಿಂದಲೂ ಎಲ್ಲದಕ್ಕೂ ವಾದ ಹೂಡುತ್ತಿದ್ದಳೆಂದು ತಂದೆ ಅವಳನ್ನು ವಕೀಲಮ್ಮ ಎಂದೇ ಕರೆಯುತ್ತಿದ್ದರು. ಅವಳು ಅದನ್ನೇ ನಿಜ ಮಾಡಲು ಹೊರಟಿದ್ದಳು. ಅವಳಿಗೆ ಬೇಕಾದ ಪುಸ್ತಕಗಳನ್ನು ಅಕ್ಕ ಓದುತ್ತಿದ್ದರು, ಬೇಡಣ್ಣ ಭಾಗ ಭಾಗವಾಗಿ ಮಿಂಚಂಚೆಗೆ ಲಗತ್ತಿಸಿ ಕಳಿಸುತ್ತಿದ್ದರು. ಅವಳ ಕಂಪ್ಯೂಟರು ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು.

“ಅಣ್ಣಾ, ನಿಮಗೆ ಈ ಚೌಕಗಳು ಮೂಲೇಲಿ ಕೂತಿರ್ತವೆ. ಕಣ್ಣು ತಪ್ಪಿಸಿದ್ರೆ ಆಯ್ತು. ನನಗೆ ಹಂಗಲ್ಲ. ನಿಮ್ಮ ಪತ್ರದ ಮೊದಲನೇ ಅಕ್ಷರ ಕೇಳೋಕೆ ಮುಂಚೆ ಇವರ ಡಂಗುರ ಪೂರ್ತಿ ಕೇಳ್ಬೇಕು. ಬಾಗಿಲಲ್ಲೇ ನಿಂತ್ಕೊಂಡು ಬಿಡ್ತಾರೆ, ಒಳಗೆ ಹೋಗೋಕೇ ಬಿಡಲ್ಲ,” ಎಂದು ಅವಳು ಹೇಳಿದ್ದೇ ತಡ, ಬೇಡಣ್ಣ ಅವಳ ಕುರ್ಚಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೂತರು. ಒಂದು ಮಧ್ಯಾಹ್ನ ಪೂರ್ತಿ ಎಡಕ್ಕೆ ತಳ್ಳಿದರು. ಕೊನೆಗೆ ಎದ್ದು ನಿಂತಾಗ ಆ ಯಂತ್ರ ಬಾಯಿ ಮುಚ್ಚಿಕೊಂಡು, ಬಂದ ಪತ್ರವನ್ನಷ್ಟೇ ಓದಿತು. ಹುಡುಗಿ ಅಂಗೈ ತಟ್ಟಿ ನಕ್ಕಳು. ದರ್ಜಿ ಮುಂದಿನ ಕೋಣೆಯಿಂದ ಕೂಗಿ ಕೇಳಿದರು: “ಕರೆಂಟು ಹೋಯ್ತಾ?” ಆ ಮೇಲೆ ಬೇಡಣ್ಣ ರಜೆಯ ದಿನಗಳಲ್ಲಿ ಕೇಳುಗರ ಮನೆಮನೆಗೆ ಹೋಗಿ ಇದೇ ಕೆಲಸ ಮಾಡತೊಡಗಿದರು. ಅದನ್ನವರು ಸೇವೆ ಎನ್ನುತ್ತಿರಲಿಲ್ಲ, ಉಪಕಾರ ಎನ್ನುತ್ತಿರಲಿಲ್ಲ. “ಕಸ ಗುಡಿಸಿ ಬಂದೆ” ಎನ್ನುತ್ತಿದ್ದರು.

ವಕೀಲಮ್ಮ ಅಂತಿಮ ಪರೀಕ್ಷೆಗೆ ಕೂತ ವರ್ಷ ಅವಳಿಗೆ ತಂದೆ ಒಂದು ಮಾತು ಹೇಳಿದ್ದರು. ಹಿಂದಿನ ಸಲ ಜ್ವರ ಬಂದು ಅವಳು ಒಂದು ಪತ್ರಿಕೆ ಬರೆಯದೆ ಉಳಿದಿದ್ದಳು. ಈ ಸಲ ದಾಟಿದರೆ ಸರಿ. ಇಲ್ಲವಾದರೆ ಚಿಕ್ಕಪ್ಪ ಗೊತ್ತು ಮಾಡಿಟ್ಟಿದ್ದ, ಒಂದು ಸಾಮಾನು ಸಾಗಣೆ ಕಂಪನಿಯಲ್ಲಿ ದೂರವಾಣಿ ಎತ್ತುವ ಕೆಲಸಕ್ಕೆ ಹೋಗಬೇಕು. ನಮಗೆಲ್ಲ ಅದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಪುಸ್ತಕದ ವಿಷಯದಲ್ಲಿ ಎಲ್ಲರೂ ಅವಸರದಲ್ಲಿದ್ದೆವು. ಆದರೆ ಅಕ್ಕನ ಗಂಟಲು ಕಟ್ಟಿತು. ಸಾಕ್ಷ್ಯಗಳನ್ನು ಕುರಿತ ಕೊನೆಯ ಭಾಗ ಓದಿ ಮುಗಿಯುವಾಗ ಶುಕ್ರವಾರದ ಮಧ್ಯಾಹ್ನ. ಪರೀಕ್ಷೆ ಸೋಮವಾರ ಬೆಳಿಗ್ಗೆ. ಇದ್ದ ಹಾಗೆಯೇ ಕಳಿಸಿಬಿಡೋಣ ಎಂದು ಅಕ್ಕ ಹೇಳಿದರು. ಬೇಡಣ್ಣ ಕೇಳಲಿಲ್ಲ. ಓದಿನ ನಡುವೆ ಎಲ್ಲೋ ಕುರ್ಚಿ ಕಿರಿಗುಟ್ಟಿತ್ತು. ಅದನ್ನು ಹುಡುಕಿ ತೆಗೆಯುತ್ತ ಸಂಜೆಯವರೆಗೆ ಕೂತರು. ನಾವೆಲ್ಲ ಮನೆಗೆ ಹೊರಟೆವು. ಕಾವಲುಗಾರ ಬಾಗಿಲು ಹಾಕಲು ಬಂದು, ಬೇಕೆಂದೇ ಬೀಗದ ಕೈ ಗೊಂಚಲು ಕುಲುಕುತ್ತ ನಿಂತನಂತೆ. ಆ ಸದ್ದು ಅವರಿಗೆ ತಡೆಯದು. ಬೇಗ ಬೇಗ ಪತ್ರ ಬರೆದರು: “ಕೊನೆಯ ಭಾಗ ಇದರ ಜೊತೆಗಿದೆ. ಧೈರ್ಯವಾಗಿ ಬರೆ. ಶುಭವಾಗಲಿ.” ಕಳಿಸುವ ಗುಂಡಿ ಒತ್ತಿದರು. ದೀಪ ಆರಿಸಿ ಹೊರಟರು.

ಪತ್ರದ ಜೊತೆಗೆ ಏನೂ ಇರಲಿಲ್ಲ.

ಇಂಥ ಮರೆವು ಯಾರಿಗೂ ಆಗುವಂಥದ್ದು. ಅದಕ್ಕೆಂದೇ ಆ ತಂತ್ರಾಂಶದಲ್ಲಿ ಒಂದು ಎಚ್ಚರಿಕೆ ಇತ್ತು. ‘ಜೊತೆಗಿದೆ ಎಂದು ಬರೆದಿದ್ದೀರಿ, ಆದರೆ ಏನನ್ನೂ ಲಗತ್ತಿಸಿಲ್ಲ, ಹಾಗೆಯೇ ಕಳಿಸಲೇ?’ ಎಂದು ಅದು ಕೇಳುತ್ತಿತ್ತು. ಬೇಡಣ್ಣ ಅದನ್ನೂ ಉಳಿದವುಗಳ ಜೊತೆ ಎಡಕ್ಕೆ ತಳ್ಳಿ ಎಷ್ಟೋ ಕಾಲವಾಗಿತ್ತು. ಶನಿವಾರ ಅವಳು ಉತ್ತರ ಬರೆದಳು. ಭಾನುವಾರ ಮತ್ತೆ ಬರೆದಳು. ಮುಚ್ಚಿದ ಕಚೇರಿಗೆ ಫೋನು ಮಾಡಿದಳು, ಬೇಡಣ್ಣನ ಫೋನಿಗೂ ಮಾಡಿದಳು. ಅದು ಗೂಟಕ್ಕೆ ನೇತುಹಾಕಿದ ಕೋಟಿನ ಜೇಬಿನಲ್ಲಿ ಬಾಯಿಲ್ಲದೆ ಬೆಳಗಿ ಬೆಳಗಿ ಆರಿತು. ಸೋಮವಾರ ಚಹಾ ಕುಡಿದು ಮಿಂಚಂಚೆ ತೆರೆದ ಬೇಡಣ್ಣ ಎದ್ದು ನಿಂತರು. ಅವರ ಕುರ್ಚಿ ಹಿಂದಕ್ಕೆ ಬಿತ್ತು. ಆ ಕಚೇರಿಯಲ್ಲಿ ಅವರ ಕೈಯಿಂದ ಆದ ಸದ್ದನ್ನು ನಾನು ಕೇಳಿದ್ದು ಅದೊಂದೇ. ಅಷ್ಟು ಹೊತ್ತಿಗೆ ಹುಡುಗಿ ಪರೀಕ್ಷೆಯ ಕೋಣೆಯಲ್ಲಿ ಕೂತಿದ್ದಳು.

ಫಲಿತಾಂಶ ಬಂತು. ಉಳಿದದ್ದೆಲ್ಲ ದಾಟಿತ್ತು, ಆ ಒಂದು ಪತ್ರಿಕೆ ಉಳಿದಿತ್ತು. ಬೇಡಣ್ಣ ನನ್ನನ್ನು ಜೊತೆಗೆ ಕರೆದುಕೊಂಡು ದರ್ಜಿಯ ಮನೆಗೆ ಹೋದರು. ದರ್ಜಿ ಯಂತ್ರ ನಿಲ್ಲಿಸಿ, ಸೂಜಿಯ ಕೆಳಗಿನ ಬಟ್ಟೆಯನ್ನು ಹಾಗೆಯೇ ಬಿಟ್ಟು, ಕೂರಲು ಹೇಳಿದರು. ಬೇಡಣ್ಣ ಕೂರಲಿಲ್ಲ.

“ತಪ್ಪು ನಂದು. ಅವಳದಲ್ಲ. ಇನ್ನೊಂದು ವರ್ಷ ಓದೋಕೆ ಬಿಡಿ ಅವಳನ್ನ.”

“ತಪ್ಪು ನಿಮ್ಮದು ಅಂತ ನಾನಂದ್ನಾ?” ಎಂದರು ದರ್ಜಿ, ನಿಧಾನಕ್ಕೆ ಕನ್ನಡಕ ತೆಗೆಯುತ್ತ. “ನೀವು ಒಳ್ಳೆಯವರು ಸ್ವಾಮಿ. ಕರೀದೇ ಬಂದ್ರಿ, ಕೇಳದೇ ಮಾಡಿದ್ರಿ. ಆದ್ರೆ ಒಳ್ಳೆಯೋರು ಕತ್ತರಿ ಹಾಕಿದ್ರೂ ಬಟ್ಟೆ ಹರಿದೇ ಹರಿಯುತ್ತೆ. ಹೋಗಿರೋ ವರ್ಷಾನ ಎಲ್ಲಿಂದ ತಂದು ಹೊಲೀಲಿ ನಾನು?”

ಒಳಗಿನಿಂದ ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದಳು.

“ಅಪ್ಪಾ, ನಿನ್ನ ವಾದ ಮುಗೀತಾ? ಈಗ ನನ್ನದು. ಅಣ್ಣಾ, ಒಳಗೆ ಬನ್ನಿ. ನಿಮಗೆ ಒಂದು ಕೇಳಿಸ್ತೀನಿ.”

ಅವಳು ಕಂಪ್ಯೂಟರಿನ ಮುಂದೆ ಕೂತು, ನಮಗೊಂದು ಖಾಲಿ ಪತ್ರ ತೆರೆದು, ‘ಜೊತೆಗಿದೆ’ ಎಂದಷ್ಟೇ ಬರೆದು ಕಳಿಸಲು ಹೋದಳು. ಯಂತ್ರ ಗಟ್ಟಿಯಾಗಿ ತಡೆಯಿತು: ಏನನ್ನೂ ಲಗತ್ತಿಸಿಲ್ಲ, ಹಾಗೆಯೇ ಕಳಿಸಲೇ?

“ಇದನ್ನೂ ಆರಿಸಿದ್ದೆನಲ್ಲ!” ಎಂದರು ಬೇಡಣ್ಣ.

“ಆರಿಸಿದ್ರಿ. ನೀವು ಆ ಕಡೆ ಹೋದ್ರಿ, ಈ ಕಡೆ ನಾನು ಹಚ್ಚಿದೆ. ಲಗತ್ತಾಗಿದ್ಯಾ ಇಲ್ವಾ ಅಂತ ನೀವು ಕಣ್ಣಲ್ಲಿ ನೋಡ್ತೀರಿ. ನನಗೆ ಹೇಳೋರು ಯಾರು? ಇವನೊಬ್ಬನೇ.”

“ಮತ್ತೆ… ನನಗ್ಯಾಕೆ ಹೇಳಲಿಲ್ಲಮ್ಮ?”

“ನೀವ್ಯಾಕೆ ಕೇಳಲಿಲ್ಲ?”

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಮತ್ತೆ ಓಡಲಾರಂಭಿಸಿ, ಅರ್ಧಕ್ಕೇ ನಿಂತಿತು. ಹುಡುಗಿಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. “ತಂತ್ರಾಂಶದೋರು ನನ್ನ ಕೇಳದೆ ಹಚ್ಚಿದ್ರು, ನೀವು ನನ್ನ ಕೇಳದೆ ಆರಿಸಿದ್ರಿ. ಕುರ್ಚಿ ಮಾತ್ರ ನಂದು. ಅದನ್ನೂ ಸರಿಸಿ ಕೂತ್ರಿ,” ಎಂದಳು. ಆ ಮೇಲೆ ಸ್ವಲ್ಪ ನಕ್ಕಳು. “ಇವತ್ತು ನನ್ನ ಪಕ್ಕದಲ್ಲಿ ಕೂತ್ಕೊಳ್ಳಿ. ಎಲ್ಲಾ ಮತ್ತೆ ಹಚ್ಚೋಣ. ಒಂದೊಂದೇ ಕೇಳೋಣ. ಯಾವುದು ಇರ್ಬೇಕು ಅಂತ ನಾನು ತೀರ್ಪು ಕೊಡ್ತೀನಿ.”

ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ಬದುಕಿಡೀ ಎಡಕ್ಕೆ ತಳ್ಳಿದ ಕೈ ಒಂದೊಂದು ಸ್ವಿಚ್ಚನ್ನೂ ಬಲಕ್ಕೆ ತಳ್ಳಿತು. ಯಂತ್ರ ಕಿವಿ ಚಿಟ್ಟುಹಿಡಿಯುವಂತೆ ಒದರತೊಡಗಿತು. ಬೇಡಣ್ಣ ಹಲ್ಲುನೋವಿನವರಂತೆ ಕೆನ್ನೆ ಹಿಡಿದುಕೊಂಡು ಕೇಳಿದರು. ಹೊಸ ಸೌಲಭ್ಯಗಳ ಡಂಗುರ: “ವಜಾ,” ಎಂದಳು ವಕೀಲಮ್ಮ. ಪತ್ರಗಳ ಸಾರಾಂಶ: “ವಜಾ. ನನ್ನ ಪತ್ರ ನಾನೇ ಪೂರ್ತಿ ಕೇಳ್ತೀನಿ.” ಉತ್ತರ ಬಾರದ ಪತ್ರಗಳನ್ನು ನೆನಪಿಸುವುದು: ಇರಲಿ. ಕೊನೆಗೆ ಉತ್ತರ ಬರೆದುಕೊಡುವವನ ಸರದಿ. ಅವಳು ಅನುತ್ತೀರ್ಣಳಾದ ಸುದ್ದಿಗೆ ಗೆಳತಿಯೊಬ್ಬಳು ಮರುಗಿ ಬರೆದ ಪತ್ರವಿತ್ತು. ಅದಕ್ಕೆ ಯಂತ್ರ ಉತ್ಸಾಹದಿಂದ ಸೂಚಿಸಿತು: ‘ಅದ್ಭುತ! ನಿಮಗೆ ಅಭಿನಂದನೆಗಳು!’

ಬೇಡಣ್ಣನ ಕೈ ಆಗಲೇ ಸ್ವಿಚ್ಚಿನ ಮೇಲಿತ್ತು. “ಇದಂತೂ ತೆಗೀಲೇಬೇಕು.”

“ಇರ್ಲಿ ಅಣ್ಣಾ.”

“ಇದಾ? ಇದನ್ನೂ ಇಡ್ಬೇಕಾ?”

“ಇಡಿ. ಇಡೀ ಊರಲ್ಲಿ ನಾನು ಫೇಲಾಗಿದ್ದಕ್ಕೆ ಖುಷಿಪಟ್ಟೋನು ಇವನೊಬ್ಬ. ಬೇಜಾರಾದಾಗ ಇವನ ಮಾತು ಕೇಳಿ ನಗ್ತೀನಿ.”

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಬೇಡವೆಂದು ತನಗೆ ಖಚಿತವಾಗಿ ಗೊತ್ತಿರುವುದನ್ನು ಇನ್ನೊಬ್ಬರು ಬೇಕೆಂದಾಗ ಹಾಗೆಯೇ ಬಿಟ್ಟುಬರುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ನಾನು ಆ ಕೈಯಲ್ಲಿ ನೋಡಿದೆ.

ದರ್ಜಿ ತಮ್ಮ ಮಾತು ಬಿಡಲಿಲ್ಲ. ಮಗಳೂ ತನ್ನ ವಾದ ಬಿಡಲಿಲ್ಲ. ಅವಳು ಸಾಗಣೆ ಕಂಪನಿಗೆ ಸೇರಿ ಹಗಲೆಲ್ಲ ದೂರವಾಣಿ ಎತ್ತಿದಳು, ಬೆಳಗಿನ ಜಾವ ಓದಿದಳು, ಮುಂದಿನ ಸಲ ಆ ಪತ್ರಿಕೆ ಬರೆದು ದಾಟಿದಳು. ಕಳೆದುಹೋದ ವರ್ಷ ಕಳೆದೇ ಹೋಯಿತು. ಈಗ ಅವಳು ಹಿರಿಯ ವಕೀಲರೊಬ್ಬರ ಕೈಕೆಳಗೆ ಇದ್ದಾಳೆ. ಅವರ ಮಾತಿಗೂ ಎದುರು ವಾದಿಸುತ್ತಾಳಂತೆ.

ನಮ್ಮ ಗಮನವನ್ನು ಮೂಲೆಮೂಲೆಯಿಂದ ಜಗ್ಗುವ ಈ ಕಾಲದಲ್ಲಿ ಬೇಡಣ್ಣನಂಥವರು ಬೇಕು ಎಂದು ನಾನು ಈಗಲೂ ನಂಬುತ್ತೇನೆ. ಬೇಡ ಎನ್ನಲು ಬೆನ್ನುಮೂಳೆ ಬೇಕು. ನಮ್ಮಲ್ಲಿ ಹೆಚ್ಚಿನವರು ‘ಈಗ ಬೇಡ’ ಎಂದು ಹೇಳಿಯೇ ಬದುಕು ಸಾಗಿಸುತ್ತೇವೆ. ಆದರೆ ಈ ಜಾತಿಯ ಜನರ ಒಳ್ಳೆಯತನಕ್ಕೆ ಒಂದು ಅಪಾಯ ಅಂಟಿಕೊಂಡೇ ಇರುತ್ತದೆ. ತಮಗೆ ಯಾವುದು ಗದ್ದಲವೋ ಅದು ಲೋಕಕ್ಕೆಲ್ಲ ಗದ್ದಲವೆಂದು ಅವರು ತಿಳಿಯುತ್ತಾರೆ. ಇನ್ನೊಬ್ಬರ ಮನೆಯ ಕಸ ಗುಡಿಸಲು ಹೋಗಿ, ಆ ಮನೆಯವರು ಕತ್ತಲಲ್ಲಿ ಕೈಯಾನಿಸಿ ನಡೆಯುವ ಗೋಡೆಯನ್ನೂ ಕೆಡವಿ ಬರುತ್ತಾರೆ. ಬಲವಂತದ ಹೂಂ ಎಷ್ಟು ಕೆಟ್ಟದ್ದೋ ಇನ್ನೊಬ್ಬರ ಪರವಾಗಿ ಹೇಳಿದ ಬೇಡವೂ ಅಷ್ಟೇ ಕೆಟ್ಟದ್ದು. ಇದನ್ನು ತಿಳಿಯದೆಯೇ ಮುಗಿದುಹೋಗುವ ಸಜ್ಜನರು ಬಹಳ. ತಿಳಿದ ಮೇಲೂ ಮುನಿಸಿಕೊಂಡು ಮನೆಯಲ್ಲಿ ಕೂರದೆ, ಅದೇ ಕೆಲಸಕ್ಕೆ ಮತ್ತೆ ಹೊರಡುವವರು ಕಡಿಮೆ.

ಬೇಡಣ್ಣ ಈಗ ನಿವೃತ್ತರು. ಕೇಳುಗರು ಕರೆದರೆ ಅವರ ಮನೆಗೆ ಹೋಗುತ್ತಾರೆ, ಕರೆಯದಿದ್ದರೆ ಹೋಗುವುದಿಲ್ಲ. ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು, ಒಂದೊಂದು ಸ್ವಿಚ್ಚಿನ ಹೆಸರನ್ನೂ, ಅದು ಏನು ಮಾಡುತ್ತದೆಂಬುದನ್ನೂ ಹೇಳಿ, “ಇರ್ಲಾ, ತೆಗೀಲಾ?” ಎಂದು ಕೇಳುತ್ತಾರೆ. ಉತ್ತರ ಬರುವವರೆಗೆ ಕಾಯುತ್ತಾರೆ.